ದಿನಾ ಊರಿನ ಸಾವು ಕೇಳುತ್ತಿದ್ದ ಸಿಸ್ಟರ್

ಅವರ ಮೂಗು ಎರಡು ಸಲ ಮುರಿದಿತ್ತು. ಮೊದಲ ಸಲ ಎಡಕ್ಕೆ ವಾಲಿಕೊಂಡು ಕೂಡಿತ್ತು, ಎರಡನೆಯ ಸಲ ಬಲಕ್ಕೆ. ನಡುವೆ ಒಂದು ಗೆಣ್ಣು ಉಳಿದುಬಿಟ್ಟಿತ್ತು. ಆ ಗೆಣ್ಣಿನ ಮೇಲೆ ಕನ್ನಡಕ ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಗಾಜು ಮೇಲೆ, ಒಂದು ಕೆಳಗೆ. ಹಾಗಾಗಿ ಎದುರಿಗಿದ್ದವರನ್ನು ಅವರು ಸದಾ ತಲೆ ಓರೆ ಮಾಡಿಯೇ ನೋಡುತ್ತಿದ್ದರು. ಹೊಸಬರಿಗೆ ಅದು ತಿರಸ್ಕಾರದಂತೆ ಕಾಣುತ್ತಿತ್ತು. ನನಗೂ ಮೊದಮೊದಲು ಹಾಗೇ ಕಂಡಿತ್ತು.

ನೈರೋಬಿಯ ಕಿಲೆಲೆಶ್ವಾದಲ್ಲಿ ನಾವಿರುವುದು ನಾಲ್ಕು ಮನೆಗಳ ಹಳೆಯ ಕಟ್ಟಡ. ಅವರದು ಕೆಳಗಿನ ಮನೆ, ನಮ್ಮದು ಅದರ ಮೇಲಿನದು. ಐರ್ಲೆಂಡಿನವರು. ಐವತ್ತು ವರ್ಷಗಳ ಹಿಂದೆ ನರ್ಸ್ ಕೆಲಸಕ್ಕೆಂದು ಬಂದು, ಒಂದಲ್ಲ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ಜೀವಮಾನ ಸವೆಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಮನೆ ಮಾಲೀಕರಿಂದ ಹಿಡಿದು ಗೇಟು ಕಾಯುವ ಅಸ್ಕಾರಿಯವರೆಗೆ ಎಲ್ಲರಿಗೂ ಅವರು ಸಿಸ್ಟರ್. ನಾನು ಮೈಸೂರಿನವಳು. ಗಂಡನ ಟೆಲಿಕಾಂ ಕಂಪನಿ ಇಲ್ಲಿಗೆ ಕಳಿಸಿದ್ದರಿಂದ ಮಗಳನ್ನು ಕರೆದುಕೊಂಡು ಬಂದವಳು, ವೆಸ್ಟ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಕೆಲಸ ಹಿಡಿದಿದ್ದೆ.

ನಮ್ಮಿಬ್ಬರ ಪರಿಚಯ ರಕ್ತದಿಂದಲೇ ಶುರುವಾಯಿತು. ಬಂದ ಮೂರನೆಯ ತಿಂಗಳು, ಸಂಜೆ ಐದಕ್ಕೆ ಇಲ್ಲಿಯ ಬಾಡಿಗೆ ವ್ಯಾನು ಮಟಾಟು ಇಳಿದು ಮನೆಯ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಬಂದ ಬೈಕಿನವರು ನನ್ನ ಹೆಗಲ ಚೀಲಕ್ಕೆ ಕೈ ಹಾಕಿದರು. ಬಿಟ್ಟುಬಿಡಬೇಕಿತ್ತು, ಚೀಲದ ಪಟ್ಟಿ ತೋಳಿಗೆ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳಲಾಗಲಿಲ್ಲ. ಹತ್ತು ಮಾರು ದೂರ ಟಾರಿನ ಮೇಲೆ ದರದರ ಎಳೆದುಕೊಂಡು ಹೋದರು. ಹಿಂದೆ ಕೂತಿದ್ದವನು ಪಟ್ಟಿ ಕುಯ್ಯಲೆಂದು ಚಾಕು ಬೀಸಿದ. ಪಟ್ಟಿಯ ಜೊತೆಗೆ ನನ್ನ ಮುಂಗೈಯೂ ಉದ್ದಕ್ಕೆ ಸೀಳಿತು. ದುಪಟ್ಟಾ ಸುತ್ತಿಕೊಂಡು ಗೇಟಿನ ತನಕ ಹೇಗೆ ಬಂದೆನೋ ನೆನಪಿಲ್ಲ. ಅಸ್ಕಾರಿ "ಪೋಲೆ, ಮಮಾ, ಪೋಲೆ" ಎಂದು ಅಯ್ಯೋ ಪಾಪ ಎನ್ನುತ್ತಲೇ ನನ್ನನ್ನು ಕೆಳಮನೆಯ ಅಡುಗೆಮನೆಗೆ ನೂಕಿದ್ದಷ್ಟೇ ನೆನಪು.

ಸಿಸ್ಟರ್ ಅಡುಗೆಮನೆಯ ಮೇಜಿನ ಮೇಲಿದ್ದ ಹಿಟ್ಟನ್ನು ಒಂದೇ ಸಲ ಪಕ್ಕಕ್ಕೆ ಸರಿಸಿ, ನನ್ನ ಕೈಯನ್ನು ಅಲ್ಲಿ ಚಾಚಿಸಿ, ಪೆಟ್ಟಿಗೆಯಿಂದ ಸೂಜಿ ತೆಗೆದರು.

"ಅಳಬೇಕಾದ್ರೆ ಅಳು, ಹುಡುಗಿ. ಕೈ ಮಾತ್ರ ಅಲ್ಲಾಡಿಸಬೇಡ."

ನನಗಾಗ ನಲವತ್ತೆರಡು ವರ್ಷ. ಹನ್ನೊಂದು ಹೊಲಿಗೆ ಹಾಕಿದರು. ಹಾಕುವಾಗ ತಮ್ಮ ಮೂಗಿನ ಕಥೆಯನ್ನು ಅರ್ಧ ಹೇಳಿದರು. ಎರಡನೆಯ ಸಲ ಮುರಿದದ್ದು ಇಲ್ಲೇ. ಮಟಾಟು ಮಗುಚಿ ಗಾಯಗೊಂಡು ಬಂದಿದ್ದ ಕುಡುಕನೊಬ್ಬ ಹೊಲಿಗೆ ಹಾಕಿಸಿಕೊಳ್ಳುವಾಗ ಮುಷ್ಟಿಯಿಂದ ಗುದ್ದಿದ್ದನಂತೆ. "ಅವನನ್ನ ಇಬ್ಬರು ಹಿಡ್ಕೊಂಡ್ರು. ನನ್ನ ಮೂಗಿಂದ ರಕ್ತ ಸುರೀತಾ ಇತ್ತು, ಅವನ ಹಣೆಯಿಂದಾನೂ. ಹೊಲಿಗೆ ಮುಗಿಸಿದೆ. ಚೆನ್ನಾಗಿ ಹಾಕಲಿಲ್ಲ ಅನ್ನು." ಮೊದಲನೆಯ ಸಲ ಹೇಗೆ ಮುರಿಯಿತು ಎಂದು ಕೇಳಿದೆ. "ಅದು ಊರಲ್ಲಿ," ಎಂದು ದಾರ ಕತ್ತರಿಸಿದರು.

ಅವರು ಬದಿಗೆ ಸರಿಸಿದ್ದು ಬ್ರೆಡ್ಡಿನ ಹಿಟ್ಟು. ಅವರ ಊರಿನಲ್ಲಿ ಯೀಸ್ಟ್ ಇಲ್ಲದೆ, ಹುಳಿ ಮಜ್ಜಿಗೆ ಮತ್ತು ಸೋಡಾದಲ್ಲಿ ಬ್ರೆಡ್ ಮಾಡುತ್ತಾರೆ. ಅಂಗಡಿಯ ಹಾಲಿನಿಂದ ಅದು ಏಳುತ್ತಲೇ ಇರಲಿಲ್ಲ. ಕೈ ವಾಸಿಯಾದ ಮೇಲೆ ಋಣ ತೀರಿಸುವವಳಂತೆ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋದೆ. ಮಾರನೆಯ ದಿನ ಬಾಗಿಲಲ್ಲಿ ಬಿಸಿ ಬ್ರೆಡ್ ಹಿಡಿದು ನಿಂತಿದ್ದರು. "ನಿನ್ನ ಮಜ್ಜಿಗೆ ನಮ್ಮೂರದಕ್ಕಿಂತ ಹುಳಿ. ಆದ್ರೂ ಐವತ್ತು ವರ್ಷದಲ್ಲಿ ಮೊದಲ ಸಲ ಬ್ರೆಡ್ಡಿಗೆ ಮರ್ಯಾದೆ ಬಂತು." ಅಲ್ಲಿಂದ ಮುಂದೆ ಪ್ರತಿ ಶನಿವಾರ ಒಂದು ಚೊಂಬು ಮಜ್ಜಿಗೆ ಕೆಳಗೆ ಹೋಗುತ್ತಿತ್ತು.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಇಬ್ಬರು ಮುದುಕರು ಬರುತ್ತಿದ್ದರು. ಒಬ್ಬರು ನಿವೃತ್ತ ಪಾದ್ರಿ, ಇನ್ನೊಬ್ಬರು ಮುಥೈಗಾ ಬಡಾವಣೆಯಲ್ಲಿ ಕುದುರೆಗಳನ್ನು ನೋಡಿಕೊಂಡಿದ್ದವರು. ಮೂವರೂ ಐರಿಷರು. ಚಹಾ ಕುಡಿಯುತ್ತ, ಆಮೇಲೆ ವಿಸ್ಕಿ ಕುಡಿಯುತ್ತ, ಊರಿನ ಯಾವುದು ನೆನಪಾಗುತ್ತದೆ ಎಂದು ಜಗಳವಾಡುತ್ತಿದ್ದರು. ಪಾದ್ರಿಗೆ ಉಪ್ಪುಬೆಣ್ಣೆ. ಕುದುರೆಯವರಿಗೆ ಮಳೆ: ಇಲ್ಲಿಯದು ಹೊಡೆಯುವ ಮಳೆ, ಅಲ್ಲಿಯದು ಬೀಳುವುದೇ ಇಲ್ಲವಂತೆ, ಗಾಳಿಯಲ್ಲಿ ತೂಗಾಡುತ್ತ ನಿಂತಿರುತ್ತದಂತೆ. ಎದುರು ಬರುವ ಕಾರಿನವನು, ಗುರುತಿಲ್ಲದಿದ್ದರೂ, ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುವುದು. ಸೌದೆಯ ಬದಲು ಒಲೆಯಲ್ಲಿ ಉರಿಯುವ ಒಣ ಜೌಗುಮಣ್ಣಿನ ಹೊಗೆ. ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಆರದ ಬೆಳಕು.

ಬೆಳಕಿನ ಮಾತು ಬಂದಾಗ ಸಿಸ್ಟರ್ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. "ಇಲ್ಲಿ ವರ್ಷಪೂರ್ತಿ ಆರೂಮುಕ್ಕಾಲಿಗೆ ಕತ್ತಲಾಗತ್ತೆ. ಒಳ್ಳೇದು. ಕತ್ತಲಾಗಬೇಕಾದ್ದು ಹಾಗೆ," ಎನ್ನುತ್ತಿದ್ದರು.

ಒಮ್ಮೆ ನನ್ನನ್ನೂ ಕೇಳಿದರು, ನಿನಗೇನು ನೆನಪಾಗುತ್ತೆ ಎಂದು. ಬೆಳಗಿನ ಫಿಲ್ಟರ್ ಕಾಫಿ, ಹೂವಿನವಳ ಕೂಗು ಎಂದೆಲ್ಲ ಹೇಳಿದೆ. ಸಿಸ್ಟರ್ ಕೈ ಬೀಸಿ ಅದನ್ನೆಲ್ಲ ತಳ್ಳಿಹಾಕಿದರು.

"ಅದು ನಾಲಿಗೆ ಚಪಲ, ಹುಡುಗಿ. ಅಲ್ಲಿ ಯಾರ ಮೇಲೆ ನಿನಗೆ ಇನ್ನೂ ಕೋಪ ಇದೆ, ಅದನ್ನ ಹೇಳು. ಊರು ಅಂದ್ರೆ ಅದು."

ಅವರ ದಿನಚರಿಯಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಫೋನಿನಲ್ಲಿ ತಮ್ಮ ಜಿಲ್ಲೆಯ ರೇಡಿಯೋ ಹಾಕುತ್ತಿದ್ದರು. ಅಲ್ಲಿ ಬೆಳಗಿನ ವಾರ್ತೆಯಾದ ಮೇಲೆ ತೀರಿಕೊಂಡವರ ಹೆಸರು ಓದುತ್ತಾರೆ: ಇಂಥವರು, ಇಂಥ ಹಳ್ಳಿಯವರು, ಮಣ್ಣು ಇಂಥ ಹೊತ್ತಿಗೆ. ಆ ಐದು ನಿಮಿಷ ಯಾರೂ ಮಾತಾಡುವಂತಿರಲಿಲ್ಲ. ಹೊರದೇಶದಲ್ಲಿರುವ ಐರಿಷರಲ್ಲಿ ಬಹಳ ಜನ ಹೀಗೆ ಕೇಳುತ್ತಾರೆಂದು ಪಾದ್ರಿ ನನಗೆ ಹೇಳಿದ್ದರು. ಊರಿನ ಸಾವಿಗೆ ಹೋಗಲಾಗದ್ದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಂತೆ. ಸಿಸ್ಟರ್ ಅವರ ತಾಯಿ ಸತ್ತ ಕಾಗದ ಮಣ್ಣಾದ ಹನ್ನೊಂದು ದಿನಗಳ ಮೇಲೆ ಕೈಸೇರಿತ್ತು. ಆದರೆ ಅವರು ಕೇಳುತ್ತಿದ್ದದ್ದು ಆ ಕೊರತೆಗಲ್ಲ. ಅವರು ಒಂದು ಹೆಸರಿಗಾಗಿ ಕಾಯುತ್ತಿದ್ದರು.

ಅದು ನನಗೆ ತಿಳಿದದ್ದು ಒಂದು ಮಂಗಳವಾರ. ನಾನು ಜ್ವರ ಬಂದು ರಜೆ ಹಾಕಿ ಮಲಗಿದ್ದೆ. ಕೆಳಗಿನಿಂದ ಏನೋ ಒಡೆಯುವ ಸದ್ದು ಕೇಳಿಸಿತು. ಒಂದಲ್ಲ, ಎರಡಲ್ಲ. ಓಡಿಹೋದೆ. ಸಿಸ್ಟರ್ ಬಟ್ಟಲುಗಳನ್ನು ಒಂದೊಂದಾಗಿ ಗೂಡಿನಿಂದ ತೆಗೆದು ಗೋಡೆಗೆ ಅಪ್ಪಳಿಸುತ್ತಿದ್ದರು. ಅಂಗೈಯಲ್ಲಿ ಪಿಂಗಾಣಿ ಚೂರು ನೆಟ್ಟು ರಕ್ತ ಮೊಣಕೈಗೆ ಇಳಿಯುತ್ತಿತ್ತು.

"ಶಾಂತವಾಗಿ!" ಎಂದರು. ಇನ್ನೊಂದು ಬಟ್ಟಲು ಹೋಯಿತು. "ಮಕ್ಕಳು ಮೊಮ್ಮಕ್ಕಳ ಮಧ್ಯೆ, ಶಾಂತವಾಗಿ ತೀರ್ಕೊಂಡರಂತೆ! ರೇಡಿಯೋದಲ್ಲಿ ಹೇಳಿದ್ರು. ಶಾಂತವಾಗಿ!"

ಬಟ್ಟಲು ಮುಗಿದ ಮೇಲೆ ಕೂತರು. ಚೂರು ತೆಗೆದು ಬಟ್ಟೆ ಕಟ್ಟುತ್ತಿದ್ದಂತೆ, ಈ ಸಲ ಕಥೆಯನ್ನು ಪೂರ್ತಿ ಹೇಳಿದರು.

ಅವರ ಊರು ಬ್ರಿಟಿಷರ ಆಳ್ವಿಕೆಯಲ್ಲುಳಿದ ಭಾಗದ ಗಡಿಯ ಹತ್ತಿರದ್ದು. ಆಗ ಅಲ್ಲಿ ಅವರ ವಿರುದ್ಧ ಬಂದೂಕು ಎತ್ತಿದ್ದವರ ಕಾಲ. ಒಂದು ಬೇಸಿಗೆಯ ಸಂಜೆ ಒಂಬತ್ತೂವರೆಗೆ, ಇನ್ನೂ ಹಗಲಿನಂಥ ಬೆಳಕಿದ್ದಾಗ, ಮೂವರು ಮನೆಗೆ ಬಂದರು. ಅವರಲ್ಲೊಬ್ಬ ಪಕ್ಕದ ಮನೆಯವನು. ಹಿಂದಿನ ವಾರವಷ್ಟೇ ಇವರ ಹಸು ಈಯಲಾರದೆ ಒದ್ದಾಡುವಾಗ ಕರು ಎಳೆಯಲು ಬಂದವನು. ಸಿಸ್ಟರ್ ಅವರ ತಮ್ಮನಿಗೆ ಇಪ್ಪತ್ತೆರಡು. ಬೇಕರಿಯ ವ್ಯಾನು ಓಡಿಸುತ್ತಿದ್ದ. ಬ್ರಿಟಿಷ್ ಸೈನಿಕರಿಗೆ ಸುದ್ದಿ ಕೊಟ್ಟಿದ್ದಾನೆಂದು ಯಾರೋ ಹೇಳಿದ್ದರಂತೆ. ಅವನು ಕೊಟ್ಟದ್ದು ಬರೀ ಬ್ರೆಡ್ಡು. ಕಾಲರ್ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋದರು. ಬೀದಿಯ ಪ್ರತಿ ಕಿಟಕಿಯಲ್ಲೂ ಮುಖಗಳಿದ್ದವು. ತಮ್ಮ ಹಾದುಹೋದಂತೆ ಒಂದೊಂದೇ ಪರದೆ ಎಳೆದುಕೊಂಡಿತು. ಇವರು ಹಿಂದೆ ಓಡಿದರು. ತಿರುವಿನಾಚೆ ಎರಡು ಗುಂಡಿನ ಸದ್ದು. ತಮ್ಮನ ಮುಖದ ಕೆಳಗಿನ ಅರ್ಧ ಇರಲಿಲ್ಲ.

"ಯಾರು ಅಂತ ಎಲ್ಲರಿಗೂ ಗೊತ್ತು. ಅಷ್ಟು ಬೆಳಕಿತ್ತು. ಒಬ್ಬರಾದ್ರೂ ಬಾಯಿ ಬಿಡಲಿಲ್ಲ. ಮುಂದಿನ ವಾರ ನಾನು ಪಬ್ಬಿಗೆ ಹೋಗಿ, ಎಲ್ಲರೆದುರು ಮೂರೂ ಹೆಸರು ಕೂಗಿ ಹೇಳಿದೆ. ಪಕ್ಕದ ಮನೆಯವನು ಎದ್ದು ಬಂದು ಮುಖಕ್ಕೆ ಗುದ್ದಿದ. ನೆಲಕ್ಕೆ ಬಿದ್ದೆ. ಕೂತವರು ಯಾರೂ ಕೈಯಲ್ಲಿದ್ದ ಗ್ಲಾಸು ಕೂಡ ಕೆಳಗಿಡಲಿಲ್ಲ."

ನೀನೂ ಸಾಯಬೇಡ, ಎಲ್ಲಾದರೂ ಹೋಗು ಎಂದು ತಾಯಿಯೇ ಹಡಗು ಹತ್ತಿಸಿದರಂತೆ. ಆ ಪಕ್ಕದ ಮನೆಯವನು ಬದುಕಿರುವ ತನಕ ಆ ಬೀದಿಗೆ ಕಾಲಿಡುವುದಿಲ್ಲವೆಂದು ಇವರು ಶಪಥ ಮಾಡಿದ್ದರು. ಅವನೋ ಎಂಬತ್ತೆಂಟು ವರ್ಷ ಬದುಕಿದ.

ಆ ವಾರವೇ ಸಿಸ್ಟರ್ ಟಿಕೆಟ್ ತೆಗೆಸಿದರು. ಮುಂದಿನ ತಿಂಗಳು ಹೊರಡುವುದೆಂದಾಯಿತು. ಏನು ಮಾಡುತ್ತೀರಿ ಅಲ್ಲಿ ಎಂದರೆ, "ಬೀದೀಲಿ ನಡೀತೀನಿ. ಈ ತುದಿಯಿಂದ ಆ ತುದಿಗೆ, ಬೆಳಕಲ್ಲಿ. ಅಷ್ಟೇ," ಎಂದರು. ಮಗಳು ಅವರಿಗೆ ಆನ್‌ಲೈನಿನಲ್ಲಿ ಒಂದು ದಪ್ಪ ಕೋಟು ಹುಡುಕಿಕೊಟ್ಟಳು. ಅವರಷ್ಟು ಹಗುರಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ನಗರದಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆಗಳು ಶುರುವಾದವು. ಹುಡುಗ ಹುಡುಗಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದಿದ್ದರು. ಬ್ಯಾಂಕು ಮನೆಯಿಂದಲೇ ಕೆಲಸ ಮಾಡಿ ಎಂದಿತ್ತು. ಹತ್ತೊಂಬತ್ತರ ಮಗಳು ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆಂದು ಬೆಳಿಗ್ಗೆ ಹೋದವಳು ಮಧ್ಯಾಹ್ನ ಮೂರಕ್ಕೆ ಬಾಡಿಗೆಯ ಬೋಡಾ ಬೈಕಿನಲ್ಲಿ ಬಂದಳು. ಅವಳಿಗೂ ಬೈಕಿನವನಿಗೂ ನಡುವೆ ಆ ಗೆಳತಿ, ಕಾಲೇಜಿನ ಜೊತೆಗಾತಿ, ಚಿಂದಿಯ ಹಾಗೆ ವಾಲಿಕೊಂಡಿದ್ದಳು. ನೆತ್ತಿ ಸೀಳಿ ಮುಖವೆಲ್ಲ ರಕ್ತ. ಎಡಗೈ ಮಣಿಕಟ್ಟಿನಿಂದ ತಪ್ಪು ದಿಕ್ಕಿಗೆ ತಿರುಗಿತ್ತು.

"ಅಮ್ಮಾ, ದೇ ಜಸ್ಟ್ ಕೆಪ್ಟ್ ಹಿಟಿಂಗ್ ಹರ್! ಶಿ ವಾಸ್ ಓನ್ಲಿ ಫಿಲ್ಮಿಂಗ್!"

"ಯಾರು? ಯಾರು ಹೊಡೆದದ್ದು? ನಿಂಗೇನಾಯ್ತು? ತೋರಿಸು ಇಲ್ಲಿ," ಎಂದು ನಾನು ಅವಳ ಮೈಯೆಲ್ಲ ತಡವುತ್ತಿದ್ದೆ. ಸಿಸ್ಟರ್ ಆಗಲೇ ಬಾಗಿಲು ತೆರೆದು ಮೇಜು ಖಾಲಿ ಮಾಡಿದ್ದರು. ನನ್ನ ಕೈ ಚಾಚಿದ್ದ ಮೇಜಿನ ಮೇಲೆ ಆ ಹುಡುಗಿಯನ್ನು ಮಲಗಿಸಿದೆವು. ನನ್ನ ಕೈಗೆ ಟವೆಲ್ ಕೊಟ್ಟು ನೆತ್ತಿ ಒತ್ತಿ ಹಿಡಿಯಲು ಹೇಳಿದರು.

ಎರಡು ಹೊಲಿಗೆಯೂ ಆಗಿರಲಿಲ್ಲ, ಗೇಟಿನೆದುರು ಬಿಳಿ ಕಾರು ನಿಂತಿತು. ನಂಬರ್ ಪ್ಲೇಟಿರಲಿಲ್ಲ. ಮಫ್ತಿಯಲ್ಲಿದ್ದ ಮೂವರು ಇಳಿದರು. ಯಾರ ಕಡೆಯವರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರಿಗೆ ಬೇಕಿದ್ದದ್ದು ಹುಡುಗಿ ಮತ್ತು ಅವಳ ಫೋನು. ಅಸ್ಕಾರಿ ಸರಪಳಿ ಹಿಡಿದು ನಿಂತ. ಅವನ ಮುಖಕ್ಕೆ ಸರಳಿನ ಸಂದಿಯಿಂದ ಏನನ್ನೋ ಸಿಂಪಡಿಸಿದರು. ಅವನು ಕಣ್ಣು ಹಿಡಿದುಕೊಂಡು ಕುಸಿದ.

ಸಿಸ್ಟರ್ ಸೂಜಿಯನ್ನು ತಟ್ಟೆಯಲ್ಲಿಟ್ಟರು. ಬಾಗಿಲ ಹಿಂದೆ ಅವರ ಊರಿನ ಆಟದ ಕೋಲೊಂದಿತ್ತು, ಹಾಕಿ ಕೋಲಿನಂಥದ್ದು, ತುದಿ ಅಂಗೈಯಷ್ಟು ಅಗಲ. ಅದನ್ನು ಹಿಡಿದು ಹೊರಗೆ ನಡೆದರು. ಎಪ್ಪತ್ತಾರು ವರ್ಷದ ಹೆಂಗಸು, ಮನೆಯ ಚಪ್ಪಲಿಯಲ್ಲಿ.

ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮೂವರಲ್ಲಿ ಹಸಿರು ಜಾಕೆಟ್ಟಿನವನು, ತೆಗಿ ಮಮಾ, ಎಂದ. ಇವರು ಸ್ವಾಹಿಲಿಯಲ್ಲಿ ಏನೋ ಬೈದರು. ಅವನು ಸರಳಿನೊಳಗೆ ಕೈ ತೂರಿಸಿ ಸರಪಳಿ ಬಿಚ್ಚಲು ನೋಡಿದ. ಸಿಸ್ಟರ್ ಕೋಲನ್ನು ಎರಡು ಕೈಯಲ್ಲೂ ಎತ್ತಿ ಆ ಮಣಿಕಟ್ಟಿನ ಮೇಲೆ ಬೀಸಿದರು. ಎಲುಬು ಮುರಿದ ಸದ್ದು ಅಡುಗೆಮನೆಯ ತನಕ ಬಂತು. ಅವನು ಕಿರುಚಿದ. ಇನ್ನೊಬ್ಬ ಕೋಲಿನ ತುದಿ ಹಿಡಿದು ಹೊರಕ್ಕೆ ಎಳೆದುಕೊಂಡ. ಹಸಿರು ಜಾಕೆಟ್ಟಿನವನು ಅದನ್ನು ಕಸಿದು, ನೆಟ್ಟಗಿದ್ದ ಕೈಯಲ್ಲಿ, ಭರ್ಚಿಯ ಹಾಗೆ ಸರಳಿನ ನಡುವೆ ತಿವಿದ. ಒಂದು ಸಲ ಎದೆಗೆ. ಒಂದು ಸಲ ಕಪಾಳಕ್ಕೆ. ಸಿಸ್ಟರ್ ಹಿಂದಕ್ಕೆ ಬಿದ್ದರು; ತಲೆ ಸಿಮೆಂಟಿನ ಮೆಟ್ಟಿಲಿಗೆ ಬಡಿಯಿತು.

ಎದುರು ಕಟ್ಟಡದ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಒಬ್ಬೊಬ್ಬರೇ ಒಳಗೆ ಹೋದರು. ನಾನೂ ಕಿಟಕಿಗೆ ಅಂಟಿದ್ದ ಆ ಮೇಜು ಬಿಟ್ಟು ಹೊರಗೆ ಹೋಗಲಿಲ್ಲ. ಟವೆಲ್ ಬಿಟ್ಟರೆ ಹುಡುಗಿಯ ರಕ್ತ ಹರಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ನಾನು ಕದಲದಿದ್ದದ್ದು ಅದಕ್ಕಲ್ಲ.

ಹೊರಗೆ ಓಡಿದ್ದು ನನ್ನ ಮಗಳು. ಫೋನ್ ಎತ್ತಿ ಹಿಡಿದು ಅವನ ಮುಖಕ್ಕೆ ನೇರವಾಗಿ, "ಐ ಸೀ ಯು! ಐ ಸೀ ಯುವರ್ ಫೇಸ್!" ಎಂದು ಕೂಗುತ್ತಿದ್ದಳು. ಆಗ ಮಹಡಿಯಲ್ಲಿ ನಮ್ಮ ಪಕ್ಕದ ಮನೆಯ ಕೆಲಸದಾಕೆ ಕೆಳಗಿಳಿದು ಬಂದು ಒಂದು ಪಾತ್ರೆಯನ್ನು ಸೌಟಿನಿಂದ ಬಡಿಯತೊಡಗಿದಳು. ಪಕ್ಕದ ಗೇಟಿನ ಕೆಲಸದವಳು ಶುರುಮಾಡಿದಳು, ಆಮೇಲೆ ಬೀದಿಯ ಎಲ್ಲ ಮನೆಗಳ ಕೆಲಸದವರೂ. ಕಿವಿ ಕಿತ್ತುಹೋಗುವಂಥ ಗದ್ದಲ. ಮೂವರೂ ಕಾರು ಹತ್ತಿ ಹೋದರು.

ಸಿಸ್ಟರ್ ಮಗಳ ಹೆಗಲು ಹಿಡಿದು ಒಳಗೆ ಬಂದರು. ಕೈ ತೊಳೆದರು. ಉಳಿದ ಒಂಬತ್ತು ಹೊಲಿಗೆಗಳನ್ನು ಹಾಕಿ ಮುಗಿಸಿದರು, ಕೈಗೆ ಮರದ ಪಟ್ಟಿ ಕಟ್ಟಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ನಾನು ಇಬ್ಬರಾಗಿ ಕಾಣುತ್ತಿದ್ದೇನೆ ಎಂದರು. ಕಿವಿಯಿಂದ ನೀರಿನಂಥ ರಕ್ತ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಮೊದಲ ನಾಲ್ಕು ದಿನ ಮಾತು ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಮಗಳು ವಕೀಲರೊಬ್ಬರಿಗೆ ಹೇಳಿಕೆ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಮನೆಯಲ್ಲಿ ದಿನಾ ಕಾದಾಟ. "ನಾವು ಹೊರಗಿನವರು ಕಣೇ. ನಾಳೆ ಪರ್ಮಿಟ್ ಕ್ಯಾನ್ಸಲ್ ಮಾಡಿದ್ರೆ? ನಿನ್ನನ್ನೇ ಎತ್ಕೊಂಡು ಹೋದ್ರೆ?" ಎಂದು ಗಂಡ. ನಾನೂ ಅವರ ಕಡೆಗೇ ಇದ್ದೆ. ನಾಲ್ಕನೆಯ ದಿನ ಸಿಸ್ಟರ್ ಹಾಸಿಗೆಯ ಪಕ್ಕದಲ್ಲಿ ಕೂತು ನಾಚಿಕೆ ಬಿಟ್ಟು ಕೇಳಿಕೊಂಡೆ:

"ಅವಳಿಗೆ ಬೇಡ ಅಂತ ಹೇಳಿ, ಸಿಸ್ಟರ್. ನಿಮ್ಮ ಮಾತು ಕೇಳ್ತಾಳೆ."

ಅವರು ನನ್ನ ಕಡೆ ತಲೆ ಓರೆ ಮಾಡಿದರು.

"ನಮ್ಮ ಬೀದಿಯವರಿಗೂ ಮಕ್ಕಳಿದ್ರು," ಎಂದರು. "ಒಳ್ಳೇ ಜನ. ಅವರನ್ನ ಐವತ್ತು ವರ್ಷ ಬೈದಿದೀನಿ. ನಿನ್ನನ್ನ ಬೈಯೋದಿಲ್ಲ, ಹುಡುಗಿ. ಶಕ್ತಿ ಇಲ್ಲ."

ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಕೈ ಸವರಿ ಹಾಗೆ ಹೇಳಿದರು. ಐದನೆಯ ದಿನ ಮೆದುಳಿನೊಳಗೆ ಮತ್ತೆ ರಕ್ತ ಒಸರಿತು. ಆಮೇಲೆ ಅವರಿಗೆ ಯಾರ ಗುರುತೂ ಹತ್ತಲಿಲ್ಲ. ಕೊನೆಯ ದಿನಗಳಲ್ಲಿ ನರ್ಸುಗಳ ಕೈಯನ್ನು ಕೊಡವಿ, ಬೈದು, ಸಲೈನಿನ ಕೊಳವೆ ಹರಿದು, ಒಬ್ಬಳಿಗೆ ಕಚ್ಚಿಯೂ ಬಿಟ್ಟರು. ಒಂಬತ್ತನೆಯ ದಿನ ಮಧ್ಯಾಹ್ನ ಹೋದರು. ಅವರ ವಿಮಾನ ಇದ್ದದ್ದು ಅದಾದ ಆರು ದಿನಕ್ಕೆ.

ಶವವನ್ನು ಮನೆಗೆ ತಂದು, ಅವರ ಊರಿನ ಪದ್ಧತಿಯಂತೆ, ಒಂದು ದಿನ ಪೂರ್ತಿ ಒಂಟಿಯಾಗಿ ಬಿಡದೆ ಕೂತಿದ್ದೆವು. ಅವರ ಕೈಕೆಳಗೆ ಕಲಿತ ಮುದಿ ನರ್ಸುಗಳು ಹಾಡಿದರು. ತಲೆಗೆ ಬಟ್ಟೆ ಕಟ್ಟಿಕೊಂಡ ಆ ಹುಡುಗಿಯೂ ಬಂದು ಪಾದದ ಬಳಿ ಕೂತಳು. ಮಣ್ಣು ನೈರೋಬಿಯಲ್ಲೇ ಆಯಿತು.

ಮಣ್ಣಾದ ಮೂರನೆಯ ದಿನ ಮಗಳು ವಕೀಲರ ಕಚೇರಿಗೆ ಹೊರಟಳು. ಗಂಡ ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಚಪ್ಪಲಿ ಹಾಕಿಕೊಂಡೆ. "ನೀನೆಲ್ಲಿಗೆ?" ಎಂದರು. "ಅವಳೊಬ್ಬಳನ್ನೇ ಕಳಿಸೋದಿಲ್ಲ," ಎಂದೆ. ಅವರು ಪಕ್ಕಕ್ಕೆ ಸರಿದರು.

ಕಚೇರಿಯಲ್ಲಿ ಮಗಳು ಒಂದೂವರೆ ಗಂಟೆ ಹೇಳಿದಳು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಮುಗಿದ ಮೇಲೆ ವಕೀಲೆ, ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬೇಕು, ನನ್ನ ಕಡೆ ತಿರುಗಿ, ನೀವು ತಾಯಿಯೇ, ಜೊತೆಗೆ ಬಂದಿರಾ ಎಂದು ಕೇಳಿದಳು. ಹೌದೆಂದು ಹೇಳಿ ಎದ್ದುಬಿಡಬಹುದಿತ್ತು. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ನಾನೂ ನೋಡಿದೀನಿ," ಎಂದೆ. "ಕಿಟಕಿಯಿಂದ. ಮೊದಲಿಂದ ಕೊನೇವರೆಗೆ."

ಅವಳು ಹೊಸ ಹಾಳೆ ತೆಗೆದಳು. ಅವನ ಎತ್ತರ, ಜಾಕೆಟ್ಟಿನ ಬಣ್ಣ, ಮುರುಕು ಮುಂಹಲ್ಲು, ಯಾವ ಕೈಯಲ್ಲಿ ತಿವಿದ, ಎಷ್ಟು ಸಲ, ಎಲ್ಲೆಲ್ಲಿ. ಎಲ್ಲ ಹೇಳಿದೆ. ನಾನು ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತು ಕದಲಲಿಲ್ಲ ಎಂಬುದನ್ನೂ ಬರೆಸಿದೆ. ಕೆಳಗೆ ಸಹಿ ಹಾಕಿದೆ.

ಪ್ರಕರಣ ಇನ್ನೂ ನಡೆಯುತ್ತಿದೆ. ಪರ್ಮಿಟ್ಟಿನ ಗತಿ ಏನಾಗುತ್ತದೋ ಗೊತ್ತಿಲ್ಲ. ಒಂದೆರಡು ಸಲ ಗುರುತಿಲ್ಲದ ನಂಬರಿನಿಂದ ಫೋನ್ ಬಂದು, ಆ ಕಡೆ ಯಾರೋ ಬರೀ ಉಸಿರಾಡಿ ಇಟ್ಟಿದ್ದಾರೆ. ಸಾಕ್ಷಿ ಹೇಳಲು ನನ್ನನ್ನು ಇದುವರೆಗೆ ನಾಲ್ಕು ಸಲ ಕರೆಸಿದ್ದಾರೆ. ನಾಲ್ಕು ಸಲವೂ ಹೋಗಿದ್ದೇನೆ.